ಕ್ಯಾಸೆಟ್ಟಿನಲ್ಲಿ ಉಳಿದಿದ್ದ ಅಕ್ಷರಗಳು

ಪೆನ್‌ಡ್ರೈವ್ ಬರುವುದಕ್ಕೆ ಬಹಳ ಮೊದಲು, ಮನೆಗಳಲ್ಲಿದ್ದ ಸಣ್ಣ ಕಂಪ್ಯೂಟರ್‌ಗಳು ಪ್ರೋಗ್ರಾಂಗಳನ್ನು ಹಾಡು ಕೇಳುವ ಸಾಮಾನ್ಯ ಕ್ಯಾಸೆಟ್‌ಗಳಲ್ಲೇ ಉಳಿಸಿಡುತ್ತಿದ್ದವು. 1982ರಲ್ಲಿ ಬ್ರಿಟನ್ನಿನಲ್ಲಿ ಬಿಡುಗಡೆಯಾದ ಸಿಂಕ್ಲೇರ್ ಝಡ್‌ಎಕ್ಸ್ ಸ್ಪೆಕ್ಟ್ರಮ್ ಅಂಥದ್ದೊಂದು. ಅದರ ದೊಡ್ಡ ಮಾದರಿಯ ರ‍್ಯಾಮ್ ಬರೀ 48 ಕೆಬಿ. ಇಂದಿನ ಮೊಬೈಲಿನ ಒಂದು ಫೋಟೋ ಕೂಡ ಅದರಲ್ಲಿ ಹಿಡಿಸುವುದಿಲ್ಲ.

ನಮ್ಮ ದಾದಾ ದುಬೈಯಲ್ಲಿ ಕೆಲಸಕ್ಕಿದ್ದಾಗ ಇದನ್ನು ನನ್ನ ಚಾಚಾಗೆಂದು ತಂದಿದ್ದರು. ಚಾಚಾ ನಾನು ಹುಟ್ಟುವ ಮೊದಲೇ ತೀರಿಕೊಂಡರು. ಕಳೆದ ಬೇಸಿಗೆ ರಜೆಯಲ್ಲಿ ಅಟ್ಟ ಸ್ವಚ್ಛ ಮಾಡುವಾಗ ಪೆಟ್ಟಿಗೆಯೊಂದರಲ್ಲಿ ಕಂಪ್ಯೂಟರ್ ಸಿಕ್ಕಿತು, ಜೊತೆಗೆ ಚಾಚಾರ ಕೈಬರಹವಿದ್ದ ಒಂದೇ ಒಂದು ಕ್ಯಾಸೆಟ್. ಹಳೆಯ ಟಿ.ವಿ.ಗೆ ಜೋಡಿಸಿದಾಗ ಕಂಪ್ಯೂಟರ್ ಆನ್ ಆಯಿತು. ಆದರೆ ಎಷ್ಟು ಸಲ ಲೋಡ್ ಕೊಟ್ಟರೂ ಏನೂ ಲೋಡ್ ಆಗಲಿಲ್ಲ. ದಾದಿ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕುಳಿತಿದ್ದರು. “ಅದರಲ್ಲಿ ಏನಿದೆ ನೋಡು ಮಗಾ” ಎಂದಷ್ಟೇ ಹೇಳಿದರು.

ಮೊದಲು ಯಂತ್ರ ಹೇಗೆ ಓದುತ್ತದೆ ಎಂದು ತಿಳಿದುಕೊಂಡೆ. ಕ್ಯಾಸೆಟ್‌ನಲ್ಲಿರುವುದು ಬರೀ ಶಬ್ದ. 0 ಎಂದರೆ ಸುಮಾರು 489 ಮೈಕ್ರೋಸೆಕೆಂಡಿನ ಒಂದು ಅಲೆ. 1 ಎಂದರೆ ಅದರ ಎರಡರಷ್ಟು ಉದ್ದದ ಅಲೆ. ಪ್ರತಿ ಭಾಗಕ್ಕೂ ಮುನ್ನ ಒಂದೇ ಸಮನಾದ ಸದ್ದು ಕೇಳುತ್ತದೆ. ಆಗ ಪರದೆಯ ಅಂಚಿನಲ್ಲಿ ಕೆಂಪು ಮತ್ತು ತಿಳಿನೀಲಿ ಪಟ್ಟಿಗಳು ಓಡುತ್ತವೆ. ಮಾಹಿತಿ ಬರತೊಡಗಿದಾಗ ಪಟ್ಟಿಗಳು ನೀಲಿ ಮತ್ತು ಹಳದಿಯಾಗುತ್ತವೆ. ಕೊನೆಯ ಬೈಟ್ ಪರೀಕ್ಷೆಗಾಗಿ. ನಾವು ಪಾಠದಲ್ಲಿ ಓದುವ ಎಕ್ಸ್-ಆರ್ ಲೆಕ್ಕವನ್ನೇ ಎಲ್ಲ ಬೈಟ್‌ಗಳ ಮೇಲೆ ಮಾಡಿ ತಾಳೆ ನೋಡುತ್ತದೆ. ಒಂದೇ ಒಂದು ಬಿಟ್ ತಪ್ಪಿದರೂ ಎರರ್!

ಆದ್ದರಿಂದ ಆ ಪಟ್ಟಿಗಳೇ ರೋಗಿಯ ನಾಡಿ. ಪಟ್ಟಿಯೇ ಬರದಿದ್ದರೆ ತಂತಿ ಅಥವಾ ವಾಲ್ಯೂಮ್ ನೋಡಬೇಕು. ಪಟ್ಟಿ ಬಂದು ಪ್ರೋಗ್ರಾಂ ಹೆಸರು ಬರದಿದ್ದರೆ ಟೇಪ್ ರೆಕಾರ್ಡರ್‌ನ ಹೆಡ್ ನೋಡಬೇಕು. ಪ್ರತಿ ಸಲ ಬೇರೆ ಬೇರೆ ಕಡೆ ನಿಂತರೆ ಬೆಲ್ಟ್ ಸಡಿಲವಾಗಿ ವೇಗ ಏರುಪೇರಾಗುತ್ತಿರಬಹುದು. ಪ್ರತಿ ಸಲ ಒಂದೇ ಕಡೆ ನಿಂತರೆ ಟೇಪಿಗೇ ಪೆಟ್ಟಾಗಿರುವ ಸಾಧ್ಯತೆ ಹೆಚ್ಚು.

ಒಂದು ಸಲಕ್ಕೆ ಒಂದೇ ಬದಲಾವಣೆ ಎಂದು ನಿಯಮ ಮಾಡಿಕೊಂಡು, ಎಲ್ಲವನ್ನೂ ನೋಟ್‌ಬುಕ್‌ನಲ್ಲಿ ಬರೆದುಕೊಂಡೆ. ವಾಲ್ಯೂಮನ್ನು ಮುಕ್ಕಾಲು ಭಾಗಕ್ಕೆ ಏರಿಸಿದಾಗ ಪಟ್ಟಿಗಳು ಕಾಣಿಸಿದವು, ಆದರೆ ನಡುಗುತ್ತಿದ್ದವು. ಹತ್ತಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಹೆಡ್ ಒರೆಸಿದೆ. ಹತ್ತಿ ಕಂದು ಬಣ್ಣಕ್ಕೆ ತಿರುಗಿತು. ಪಟ್ಟಿಗಳು ನಿಂತವು, ಹೆಸರು ಮಾತ್ರ ಬರಲಿಲ್ಲ.

ಉಳಿದದ್ದು ಹೆಡ್‌ನ ಓರೆ. ಚಾಚಾ ಬೇರೆ ರೆಕಾರ್ಡರ್‌ನಲ್ಲಿ ಉಳಿಸಿದ್ದರು. ಅದರ ಹೆಡ್ ಎಷ್ಟು ಓರೆಯಾಗಿತ್ತೋ ನಮ್ಮದೂ ಅಷ್ಟೇ ಓರೆಯಾದರೆ ಮಾತ್ರ ಸಣ್ಣ ಅಲೆಗಳು ಸ್ಪಷ್ಟವಾಗಿ ಕೇಳುತ್ತವೆ. ಹೆಡ್ ಪಕ್ಕದ ಸ್ಕ್ರೂ ಮೊದಲು ಎಲ್ಲಿತ್ತೆಂದು ಪೆನ್ನಿನಿಂದ ಗುರುತು ಹಾಕಿದೆ, ಏಕೆಂದರೆ ಅದೇ ರೆಕಾರ್ಡರ್‌ನಲ್ಲಿ ದಾದಿ ಕಿರಾಅತ್ ಕೇಳುತ್ತಾರೆ. ನಂತರ ಟೇಪ್ ಓಡುತ್ತಿರುವಾಗಲೇ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋದೆ. ಮಂಕಾಗಿದ್ದ ಸದ್ದು ಒಂದು ಕಡೆ ಥಟ್ಟನೆ ಚುರುಕಾಯಿತು. ಅಲ್ಲಿಗೇ ನಿಲ್ಲಿಸಿ ಮತ್ತೆ ಲೋಡ್ ಕೊಟ್ಟೆ. ‘ಪ್ರೋಗ್ರಾಂ’ ಎಂಬ ಪದದ ಮುಂದೆ ಚಾಚಾ ಇಟ್ಟಿದ್ದ ಹೆಸರು ಮೂಡಿತು: ‘ಕನ್ನಡ’.

ಆದರೆ ಆ ಪ್ರೋಗ್ರಾಂ ಪೂರ್ತಿ ಲೋಡ್ ಆಗಲಿಲ್ಲ. ನಾಲ್ಕು ಸಲವೂ ಒಂದೇ ಕಡೆ ನಿಂತಿತು. ಕ್ಯಾಸೆಟ್ ತೆಗೆದು ನೋಡಿದರೆ ಟೇಪಿನಲ್ಲಿ ಆ ಜಾಗ ಮಡಚಿ ಸುಕ್ಕಾಗಿತ್ತು. ಅಲ್ಲಿದ್ದದ್ದು ಹೋಗಿಬಿಟ್ಟಿದೆ. ಅದನ್ನು ದಾದಿಗೆ ಹೇಳುವುದು ಕಷ್ಟವಾಯಿತು.

ಅದರ ಹಿಂದೆಯೇ ಇನ್ನೊಂದು ಚಿಕ್ಕ ಭಾಗವಿತ್ತು. ಬರೀ 168 ಬೈಟ್. ಮಾಹಿತಿಯ ಸದ್ದು ಒಂದು ಸೆಕೆಂಡಿನಷ್ಟು. ಅದು ಮೊದಲ ಸಲಕ್ಕೇ ಬಂತು. 168 ಎಂದರೆ 21 ಸಲ 8. ಸ್ಪೆಕ್ಟ್ರಮ್‌ನಲ್ಲಿ ನಾವೇ ಚುಕ್ಕಿಯಿಟ್ಟು ರಚಿಸಬಹುದಾದ ಅಕ್ಷರಗಳು 21, ಪ್ರತಿಯೊಂದೂ 8 ಸಾಲು 8 ಚುಕ್ಕಿಯ ಚೌಕ. ಗ್ರಾಫಿಕ್ಸ್ ಮೋಡ್‌ಗೆ ಹೋಗಿ ಒಂದೊಂದೇ ಕೀ ಒತ್ತಿದೆ. ಪರದೆಯ ಕೆಳಗೆ ಅ, ಆ, ಇ, ಈ ಮೂಡುತ್ತಾ ಬಂದವು. ಕನ್ನಡವೇ ಗೊತ್ತಿಲ್ಲದ ಯಂತ್ರಕ್ಕೆ ಚಾಚಾ ಚುಕ್ಕಿ ಚುಕ್ಕಿಯಾಗಿ ಕನ್ನಡ ಕಲಿಸಿದ್ದರು. ದಾದಿ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. “ಅವನ ಅಕ್ಷರ ಯಾವಾಗಲೂ ದುಂಡಗೆ” ಎಂದರು.

ಅಂದೇ ಕ್ಯಾಸೆಟ್‌ನ ಎರಡೂ ಬದಿಗಳ ಶಬ್ದವನ್ನು ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಿ ಎರಡು ಕಡೆ ಉಳಿಸಿಟ್ಟೆ. ಬಳಿಕ ಸ್ಕ್ರೂವನ್ನು ಪೆನ್ನಿನ ಗುರುತಿಗೆ ತಿರುಗಿಸಿದೆ.

ಗೆಳೆಯರೇ, ಲ್ಯಾಬ್‌ನಲ್ಲಿ ಪ್ರೋಗ್ರಾಂ ಓಡದಿದ್ದಾಗ ನಾವು ಎಲ್ಲವನ್ನೂ ಒಟ್ಟಿಗೆ ಬದಲಿಸಿಬಿಡುತ್ತೇವೆ. ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ಸಬ್ರ್ ಎಂದರೆ ಸುಮ್ಮನೆ ಕಾಯುವುದಷ್ಟೇ ಅಲ್ಲ, ಒಂದೊಂದಾಗಿ ನೋಡುವುದೂ ಹೌದು ಎಂದು ನನಗೆ ಈ ಕ್ಯಾಸೆಟ್ ಕಲಿಸಿತು. ನಿಮ್ಮ ಮನೆಯಲ್ಲೂ ಹಿರಿಯರ ಧ್ವನಿಯಿರುವ ಕ್ಯಾಸೆಟ್‌ಗಳಿರಬಹುದು. ಟೇಪು ಸುಕ್ಕಾಗುವ ಮೊದಲೇ ಅವುಗಳ ಪ್ರತಿ ಮಾಡಿಟ್ಟುಕೊಳ್ಳಿ.