ಕರಿ ಎರಡರ ಮನುಷ್ಯ

ಲಂಡನ್,
ಮಂಗಳವಾರ ರಾತ್ರಿ

ತೀರ್ಥರೂಪ ಕಾಕಾ ಅವರಿಗೆ,

ಮೊನ್ನೆ ಫೋನಿನಲ್ಲಿ “ಅಲ್ಲಿ ನಾಟಕ ಗೀಟಕ ನೋಡಿದ್ಯೋ ಇಲ್ಲೋ” ಅಂತ ಕೇಳಿದಿರಿ. ನಾನು ಹೇಳಿದ್ದು ನಿಮಗೆ ಕೇಳಿಸಲಿಲ್ಲ. ಮೂರು ಸಲ ಒದರಿದೆ, ಬಾಜೂ ರೂಮಿನವರು ಗೋಡೆ ಬಡಿದರು. ಕಡೆಗೆ ಕಾಕು ಫೋನ್ ಇಸಕೊಂಡು “ಪತ್ರ ಬರಿಯಪಾ, ಓದ್ಕೋತಾರ” ಅಂದರು. ಅದಕ್ಕೇ ಇದು.

ನಾಟಕ ನೋಡಿದೆ, ಅರ್ಧ. ಅಗ್ಗದ ಟಿಕೀಟಿನ ಆಸೆಗೆ ಮೇಲಿನ ಗ್ಯಾಲರಿಗೆ ಹತ್ತಿದೆ. ಯಾವ ಥಿಯೇಟರು ಅನ್ನುವುದು ಬೇಡ. ಮುಂದೆ ಕಂಬ. ಬಲಗಡೆ ನಿಂತವರು ಕಂಡರು, ಎಡಗಡೆಯವರು ಬರೇ ದನಿ. ಇಂಟರ್‌ವಲ್ಲಿನಲ್ಲಿ ಹೊರಗೆ ಬಂದು ಅಡ್ಡಾಡುವಾಗ ಸೇಂಟ್ ಮಾರ್ಟಿನ್ಸ್ ಲೇನಿನಲ್ಲಿ ಒಂದು ಹೆಸರು ಕಂಡಿತು: ನೋಯೆಲ್ ಕಾವರ್ಡ್ ಥಿಯೇಟರ್. ಆ ಹೆಸರಿನ ಬೆನ್ನು ಹತ್ತಿಯೇ ಈ ವಾರದ ಬಿಡುವೆಲ್ಲ ಹೋಯಿತು.

1903ರಲ್ಲಿ ಕಟ್ಟಿದಾಗ ಅದು ನ್ಯೂ ಥಿಯೇಟರ್. ಕಾವರ್ಡನ ಹೆಸರು ಇಟ್ಟದ್ದು 2006ರಲ್ಲಿ. ಇದೇ ಕಟ್ಟಡದಲ್ಲಿ 1920ರಲ್ಲಿ ಇಪ್ಪತ್ತು ವರ್ಷದ ಆ ಹುಡುಗ ತಾನೇ ಬರೆದ ನಾಟಕದಲ್ಲಿ ತಾನೇ ಪಾರ್ಟು ಮಾಡಿದ್ದ. ಹೆಚ್ಚು ದಿನ ನಡೆಯಲಿಲ್ಲ, ಬಿಡಿ. ಮುಂದೆ ನಾಟಕ ಬರೆಯುವವನೂ ಅವನೇ, ಹಾಡು ಕಟ್ಟುವವನೂ ಅವನೇ, ಧಾಟಿ ಕೂಡಿಸಿ, ತಾಲೀಮು ಕೊಟ್ಟು, ಬಣ್ಣ ಹಚ್ಚಿಕೊಂಡು ನಿಲ್ಲುವವನೂ ಅವನೇ. ನಾಟಕ ಕಂಪನಿ ಮಾಲಕರ ಜೋಡಿ ಏಗಿದ ನಿಮಗೆ ಇದೇನು ದೊಡ್ಡದು ಅನ್ನಿಸಲಿಕ್ಕಿಲ್ಲ.

ನಿಮಗೆ ಹೇಳಬೇಕಾದ ಮಾತು ಬೇರೆಯೇ ಇದೆ. ಈತನಿಗೆ ನೊಟೇಶನ್ ಬರೆಯಲು ಬರುತ್ತಿರಲಿಲ್ಲ! ಪಿಯಾನೊ ನುಡಿಸುತ್ತಿದ್ದದ್ದು ಕಿವಿಯ ಮೇಲೆ, ಅದೂ ಮೂರೇ ಶ್ರುತಿಯಲ್ಲಿ: ಇ ಫ್ಲ್ಯಾಟ್, ಬಿ ಫ್ಲ್ಯಾಟ್, ಎ ಫ್ಲ್ಯಾಟ್. ಓದಿದ ಕೂಡಲೇ ಬೆರಳು ಮಡಚಿ ಲೆಕ್ಕ ಹಾಕಿದೆ. ನಮ್ಮ ಹಾರ್ಮೋನಿಯಂ ಪೇಟಿಯ ಮೇಲೆ ಅವು ಕರಿ ಎರಡು, ಕರಿ ಐದು, ಕರಿ ನಾಲ್ಕು. ಬಿಳಿಯಲ್ಲಿ ಷಡ್ಜ ಹಿಡಿದದ್ದೇ ಇಲ್ಲ! ಹೊಸ ಧಾಟಿ ಹೊಳೆದರೆ ಎಲ್ಸೀ ಏಪ್ರಿಲ್ ಎಂಬ ಹೆಣ್ಣುಮಗಳ ಮುಂದೆ ನುಡಿಸುವುದು, ಆಕೆ ಅದನ್ನು ಕಾಗದಕ್ಕೆ ಇಳಿಸುವುದು. ಎಷ್ಟೋ ವರ್ಷ ಹೀಗೆ ನಡೆಯಿತು. ಇಲ್ಲಿ ಅವನ ಹೆಸರಿಗೆ ಥಿಯೇಟರು ಕಂಡೆ, ಡ್ರೂರಿ ಲೇನ್ ಥಿಯೇಟರಿನಲ್ಲಿ ಅವನ ಪುತ್ಥಳಿಯೂ ಇದೆ. ಆಕೆಯ ಹೆಸರು ನನಗೆ ಸಿಕ್ಕಿದ್ದು ಪುಸ್ತಕದ ಒಳಗೆ ಮಾತ್ರ. ನಿಮ್ಮ ಹೆಸರು ಎಷ್ಟು ಹ್ಯಾಂಡ್‌ಬಿಲ್ಲಿನಲ್ಲಿ ಅಚ್ಚಾಗಿತ್ತು ಕಾಕಾ? ಎರಡೋ ಮೂರೋ?

ರವಿವಾರ ವಾಟರ್‌ಲೂದಿಂದ ರೈಲು ಹಿಡಿದು ಟೆಡಿಂಗ್ಟನ್‌ಗೆ ಹೋಗಿದ್ದೆ. 1899ರ ಡಿಸೆಂಬರ್ 16ಕ್ಕೆ ಆತ ಹುಟ್ಟಿದ್ದು ಅಲ್ಲಿನ ವಾಲ್ಡೆಗ್ರೇವ್ ರೋಡಿನ ಮನೆಯಲ್ಲಿ. ಕ್ರಿಸ್‌ಮಸ್ ಹತ್ತಿರ ಹುಟ್ಟಿದನೆಂದು ನೋಯೆಲ್. ಊರು ನೆಟ್ಟಗೆ, ಚೊಕ್ಕಟ, ಸದ್ದಿಲ್ಲದ್ದು. ಆ ರೋಡಿನಲ್ಲಿ ನಾನು ನಿಂತದ್ದು ನೋಡಿ ಒಬ್ಬಾಕೆ ಕಸದ ಡಬ್ಬಿ ಹೊರಗಿಟ್ಟು, ನನ್ನನ್ನು ಮೇಲೆ ಕೆಳಗೆ ನೋಡಿ, ಬಾಗಿಲು ಹಾಕಿಕೊಂಡಳು. ಕಾವರ್ಡನ ಅಪ್ಪ ಪಿಯಾನೊ ಮಾರುವವ, ಆದರೆ ಧಂದೆ ಕೈಗೆ ಹತ್ತಲಿಲ್ಲ. ಅವ್ವ ಬಾಡಿಗೆಯವರನ್ನು ಇಟ್ಟುಕೊಂಡು ಮನೆ ನಡೆಸಿದಳು. ಮಗನನ್ನು ಹನ್ನೊಂದನೇ ವಯಸ್ಸಿಗೇ, 1911ರಲ್ಲಿ, ರಂಗಕ್ಕೆ ಹತ್ತಿಸಿದವಳೂ ಅವಳೇ.

ಆ ಅವ್ವನಿಗೆ ಕಿವಿ ಮಂದ. ಆಕೆಗೆ ತಿಳಿಯಲಿ ಎಂದು ಒಂದೊಂದು ಅಕ್ಷರವನ್ನೂ ಕತ್ತರಿಸಿದ ಹಾಗೆ ಆಡುತ್ತ ಆಡುತ್ತ ಅದೇ ಅವನ ಮಾತಿನ ರೀತಿ ಆಯಿತು ಎನ್ನುತ್ತಾರೆ. ರಿಕಾರ್ಡು ಕೇಳಿದರೆ ಖರೇ ಅನ್ನಿಸುತ್ತದೆ. ಕಂಠ ಏನೇನೂ ದೊಡ್ಡದಲ್ಲ, ನಿಮ್ಮ ಕಂಪನಿಯಲ್ಲಿ ಎರಡನೇ ಸಾಲಿಗೂ ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ಎಷ್ಟೇ ದ್ರುತದಲ್ಲಿ ಹಾಡಲಿ, ಒಂದು ಅಕ್ಷರ ಜಾರುವುದಿಲ್ಲ. ಬಿಸಿಲ ನಾಡಿನಲ್ಲಿ ನಡುಮಧ್ಯಾಹ್ನ ತಿರುಗುವ ಇಂಗ್ಲಿಷರನ್ನು ಗೇಲಿ ಮಾಡುವ ಹಾಡೊಂದಿದೆ. ಹನೋಯಿಯಿಂದ ಸೈಗಾನಿಗೆ ಕಾರಿನಲ್ಲಿ ಹೋಗುತ್ತ ತಲೆಯಲ್ಲೇ ಕಟ್ಟಿದ್ದಂತೆ. ಗುಂಡು ಹಾರಿಸಿದ ಹಾಗೆ ಮಾತು. “ಅಕ್ಷರಾ ನುಂಗಬ್ಯಾಡಲೇ, ಹಿಂದಿನ ಸಾಲಿನ್ಯಾಂವನೂ ರೊಕ್ಕಾ ಕೊಟ್ಟಾನ” ಅಂತ ನೀವು ಹುಡುಗರಿಗೆ ಗದರುತ್ತಿದ್ದದ್ದು ನೆನಪಾಯಿತು. ಕಂಬದ ಹಿಂದೆ ಕೂತಾಗಂತೂ ಬಹಳ ನೆನಪಾಯಿತು.

ದೊಡ್ಡ ಯಶಸ್ಸು 1929ರ ‘ಬಿಟರ್ ಸ್ವೀಟ್’. ಕಥೆ, ಹಾಡು, ಧಾಟಿ, ನಿರ್ದೇಶನ ಎಲ್ಲ ಅವನದೇ, ಲಂಡನ್ನಿನಲ್ಲಿ 697 ಆಟ. ಅದರ ಮುಖ್ಯ ಧಾಟಿ ಹೊಳೆದದ್ದು ನ್ಯೂಯಾರ್ಕಿನಲ್ಲಿ, ಗಾಡಿಗಳ ಗದ್ದಲದಲ್ಲಿ ಸಿಕ್ಕಿಬಿದ್ದ ಟ್ಯಾಕ್ಸಿಯೊಳಗೆ. ಆಟ ನಡೆದ ಹಿಸ್ ಮೆಜೆಸ್ಟೀಸ್ ಥಿಯೇಟರಿನಲ್ಲಿ 1986ರಿಂದ ‘ಫ್ಯಾಂಟಮ್ ಆಫ್ ದಿ ಒಪೆರಾ’ ಬೀಡುಬಿಟ್ಟಿದೆ. ಅದರ ಟಿಕೀಟಿನ ದರ ಕೇಳಿ ನಮಸ್ಕಾರ ಹಾಕಿ ಬಂದೆ.

ನನಗೆ ಹಿಡಿಸಿದ್ದು ಮಾತ್ರ ಒಂದು ಸಣ್ಣ ಹಾಡು, ‘ಲಂಡನ್ ಪ್ರೈಡ್’. 1941ರಲ್ಲಿ ಜರ್ಮನರ ಬಾಂಬು ಬೀಳುತ್ತಿದ್ದ ಕಾಲ. ಒಂದು ರಾತ್ರಿಯ ದಾಳಿ ಮುಗಿದ ಮುಂಜಾನೆ ಈತ ಪ್ಯಾಡಿಂಗ್ಟನ್ ಸ್ಟೇಶನ್ನಿನ ಪ್ಲಾಟ್‌ಫಾರ್ಮಿನಲ್ಲಿ ಕೂತಿದ್ದ. ಸುತ್ತೆಲ್ಲ ಒಡೆದ ಗಾಜು. ಜನ ಅದನ್ನು ದಾಟಿಕೊಂಡು ತಮ್ಮ ತಮ್ಮ ಕೆಲಸಕ್ಕೆ ಹೊರಟಿದ್ದರು. ಬಿದ್ದ ಮನೆಗಳ ಸಂದಿಯಲ್ಲೂ ಬೆಳೆಯುವ ಒಂದು ಸಣ್ಣ ಹೂವಿಗೆ ಇಲ್ಲಿನವರು ಲಂಡನ್ ಪ್ರೈಡ್ ಅನ್ನುತ್ತಾರೆ. ಹಾಡಿನ ಹೆಸರು ಅಲ್ಲಿಂದ ಬಂತು. ಧಾಟಿ? ಲ್ಯಾವೆಂಡರ್ ಹೂ ಮಾರುವವರು ಓಣಿಯಲ್ಲಿ ಕೂಗುತ್ತಿದ್ದ ಹಳೇ ಕೂಗು. ಜಾತ್ರೆಯಲ್ಲಿ ಬಳೆಗಾರ ಕೂಗಿದ್ದನ್ನು ನೀವು ರಾತ್ರಿಯೊಳಗೆ ಹಾಸ್ಯಪಾತ್ರದ ಹಾಡಿಗೆ ಹಚ್ಚಿದ್ದಿರಲ್ಲ, ಮರುದಿನ ಅವನೇ ಬಂದು ಮುಂದಿನ ಸಾಲಿನಲ್ಲಿ ಕೂತು ಬಾಯಿ ಬಿಟ್ಟುಕೊಂಡು ಕೇಳಿದನಲ್ಲ, ಹಾಗೆ. ನಿನ್ನೆ ಆಫೀಸು ಬಿಟ್ಟ ಮೇಲೆ ಪ್ಯಾಡಿಂಗ್ಟನ್‌ಗೆ ಹೋಗಿ, ಒಂದು ಬೆಂಚಿನ ಮೇಲೆ ಕೂತು, ಕಿವಿಗೆ ಇಯರ್‌ಫೋನ್ ಹಚ್ಚಿಕೊಂಡು ನಾಲ್ಕು ಸಲ ಕೇಳಿದೆ. ಮುಂದೆ ಸೂಟ್‌ಕೇಸಿನ ಗಾಲಿಗಳ ಗರಗರ. ಚಹಾ ಆರಿಹೋಯಿತು.

ಯುದ್ಧ ಮುಗಿದ ಮೇಲೆ ಗಾಳಿ ತಿರುಗಿತು. ಡ್ರೂರಿ ಲೇನಿನಲ್ಲಿ 1946ರ ‘ಪೆಸಿಫಿಕ್ 1860’ ಬಿತ್ತು. ಈತನ ಕಾಲ ಮುಗಿಯಿತು ಎಂದರು. ಆಗ ಮಾಡಿದ ಕೆಲಸ ನೋಡಿ: ದೊಡ್ಡ ಸೀನು ಸೀನರಿ ಬಿಟ್ಟು, 1951ರಲ್ಲಿ ಇಲ್ಲಿನ ಕೆಫೆ ದ ಪ್ಯಾರಿಸ್‌ನಲ್ಲಿ ಊಟಕ್ಕೆ ಕೂತವರ ಮುಂದೆ ಒಬ್ಬನೇ ನಿಂತು ತನ್ನ ಹಳೇ ಹಾಡು ತಾನೇ ಹಾಡಿದ. 1955ರಲ್ಲಿ ಲಾಸ್ ವೇಗಸ್ಸಿನ ಜೂಜುಕಟ್ಟೆಯವರೂ ಕರೆಸಿಕೊಂಡರು. ಆ ರಿಕಾರ್ಡು ಕೇಳಿ, ಜನ ನಗುವುದು ಎಲ್ಲೆಲ್ಲಿ ಅಂತ ಗಮನಿಸಿದೆ. ನಗು ಬರುವುದು ಧಾಟಿಗಲ್ಲ, ಅಕ್ಷರಕ್ಕೆ. 1970ರಲ್ಲಿ ಸರ್ ಪದವಿ ಸಿಕ್ಕಿತು. ಮೂರು ವರ್ಷಕ್ಕೆ ಜಮೈಕಾದಲ್ಲಿ ತೀರಿಕೊಂಡ. ಅಲ್ಲೇ ಮಣ್ಣು.

ಇನ್ನು ಹದಿನೈದು ದಿನಕ್ಕೆ ಗದಗಿಗೆ ಬರುತ್ತೇನೆ. ಪೇಟಿಯ ತಿದಿ ಹರಿದಿದ್ದನ್ನು ಅಷ್ಟರೊಳಗೆ ಅಂಟಿಸಿ ಇಡಿರಿ. ಹೂ ಮಾರುವವರ ಧಾಟಿ ನನ್ನ ಬಾಯಿಗೆ ಬಂದಿದೆ. ಗಟ್ಟಿಯಾಗಿ, ಬಿಡಿಸಿ ಬಿಡಿಸಿ, ನಿಮ್ಮ ಬಲಗಿವಿಯ ಕಡೆ ಕೂತು ಹಾಡುತ್ತೇನೆ. ನೀವು ಕರಿ ಎರಡು ಹಿಡಿಯಿರಿ.

ಕಾಕುಗೆ ನಮಸ್ಕಾರ ತಿಳಿಸಿರಿ. ಬಿಪಿ ಗುಳಿಗೆ ತಪ್ಪಿಸಬೇಡಿರಿ.

ನಿಮ್ಮ
ಪುಟ್ಯಾ