ಓದದೆ ಬಿಟ್ಟ ಮೂರು ವಚನ

2004ರ ಡಿಸೆಂಬರ್ 26, ಭಾನುವಾರ. ಕ್ರಿಸ್‌ಮಸ್‌ನ ಮಾರನೇ ಬೆಳಗ್ಗೆ ವೇಳಾಂಕಣ್ಣಿಯ ಬೆಸಿಲಿಕಾದಲ್ಲಿ ಪೂಜೆ ಮುಗಿಸಿ ಹೊರಬಂದಿದ್ದೀರಿ. ಸಮುದ್ರದ ಕಡೆ ಹೋಗುವ ಬೀದಿಯ ಎರಡೂ ಬದಿ ಅಂಗಡಿಗಳು. ಮೇಣದ ಬತ್ತಿ, ಜಪಸರ, ತಗಡಿನಲ್ಲಿ ಕತ್ತರಿಸಿದ ಪುಟ್ಟ ಕಣ್ಣು, ಕಾಲು, ತೊಟ್ಟಿಲು. ಯಾವುದು ವಾಸಿಯಾಯಿತೋ, ಯಾವುದು ದಕ್ಕಿತೋ ಅದನ್ನು ಆರೋಗ್ಯ ಮಾತೆಗೆ ಒಪ್ಪಿಸಬೇಕು. ಕರಿದ ಮೀನಿನ ವಾಸನೆ. ತಮಿಳು, ಮಲಯಾಳ, ನಡುನಡುವೆ ಕೊಂಕಣಿ. ನಿಮ್ಮ ಬೆನ್ನ ಹಿಂದೆಯೇ ಕನ್ನಡ. ಚಪ್ಪಲಿ ಕಳೆದುಕೊಂಡು ಬಂದೀಯ ಜೋಕೆ ಎಂದು ಒಬ್ಬಳು ತಾಯಿ ಮಗನನ್ನು ಗದರುತ್ತಿದ್ದಾಳೆ. ಮುಡಿ ಕೊಟ್ಟ ಬೋಳು ತಲೆಗಳ ಮೇಲೆ ಗಂಧ ಇನ್ನೂ ಆರಿಲ್ಲ. ಹರಕೆ ತೀರಿದವರು ಸಮುದ್ರಸ್ನಾನಕ್ಕೆ ಹೊರಟಿದ್ದಾರೆ. ಅವರ ನಡುವೆ ಜೇಬುಗಳ್ಳರೂ ಇದ್ದಾರು. ಇಷ್ಟು ಜನ ಸೇರುವ ಯಾವ ಯಾತ್ರಾಸ್ಥಳದಲ್ಲಿ ಅವರಿಲ್ಲ?

ಇವತ್ತು ಪವಿತ್ರ ಕುಟುಂಬದ ಹಬ್ಬ. ಈ ವರ್ಷದ ಸರದಿಯಲ್ಲಿ ಬಂದ ವಾಚನ ಮತ್ತಾಯನ ಎರಡನೇ ಅಧ್ಯಾಯದ್ದು. ಸಂತ ಜೋಸೆಫರನ್ನು ಕನಸಿನಲ್ಲಿ ದೂತ ಎಚ್ಚರಿಸುತ್ತಾನೆ. ಅವರು ರಾತ್ರೋರಾತ್ರಿ ತಾಯಿ-ಮಗುವನ್ನು ಕರೆದುಕೊಂಡು ಈಜಿಪ್ಟಿಗೆ ಹೊರಡುತ್ತಾರೆ. ಅರಸ ಹೆರೋದ ಸತ್ತ ಮೇಲೆ ಮರಳುತ್ತಾರೆ. 13ರಿಂದ 15ನೇ ವಚನದವರೆಗೆ, ಆಮೇಲೆ 19ರಿಂದ 23. ನಡುವಿನ ಮೂರು ವಚನಗಳನ್ನು ಈ ಹಬ್ಬದಲ್ಲಿ ಓದುವುದಿಲ್ಲ. ಮಗು ಪಾರಾಯಿತು ಅನ್ನುವಷ್ಟು ಕೇಳಿಕೊಂಡು ನೀವು ಎದ್ದು ಬಂದಿದ್ದೀರಿ.

ಆರೂವರೆಯ ಹೊತ್ತಿಗೇ ಸುಮಾತ್ರಾದ ಬಳಿ ಕಡಲತಳ ಬಿರಿದಿದೆ. ತೀವ್ರತೆ 9.1. ಇಲ್ಲಿ ಯಾರಿಗೂ ಗೊತ್ತಿಲ್ಲ. ಹಿಂದೂ ಮಹಾಸಾಗರಕ್ಕೆ ಸುನಾಮಿಯ ಮುನ್ನೆಚ್ಚರಿಕೆ ಕೊಡುವ ವ್ಯವಸ್ಥೆ ಇನ್ನೂ ಇಲ್ಲ. ಹೈದರಾಬಾದಿನ ಕೇಂದ್ರ ಶುರುವಾಗಬೇಕಾದರೆ 2007 ಬರಬೇಕು. ಯಾರ ಕನಸಿಗೂ ದೂತ ಬಂದಿಲ್ಲ.

ಒಂಬತ್ತು ದಾಟಿದೆ. ಮೊದಲು ಕೇಳಿಸುವುದು ಕೂಗು. ಬೀದಿಯ ತುದಿಯಿಂದ ಜನ ಹಿಂದೆ ನೋಡದೆ ಓಡಿಬರುತ್ತಿದ್ದಾರೆ, ಏನೋ ಹೊಡೆದಾಟ ಅಂದುಕೊಳ್ಳುತ್ತೀರಿ. ಆಮೇಲೆ ನೀರು. ಚಿತ್ರದಲ್ಲಿ ಬರೆದಂತೆ ಎದ್ದು ಮುರಿದು ಬೀಳುವ ಅಲೆಯಲ್ಲ ಅದು, ಸಮುದ್ರವೇ ಎತ್ತರವಾಗಿ ಊರೊಳಗೆ ನಡೆದು ಬರುತ್ತಿದೆ. ಕಪ್ಪು ನೀರು. ಅದರಲ್ಲಿ ಹಲಗೆ, ತಗಡು, ದೋಣಿ, ಮನುಷ್ಯರು. ಯಾರೋ ನಿಮ್ಮನ್ನು ಮೆಟ್ಟಿಲ ಮೇಲಕ್ಕೆ ಎಳೆದುಕೊಳ್ಳುತ್ತಾರೆ. ಎಳೆದ ಕೈ ಯಾರದೆಂದು ಕೊನೆಗೂ ಗೊತ್ತಾಗುವುದಿಲ್ಲ. ಚಪ್ಪಲಿಯ ಹುಡುಗನಿಗಾಗಿ ಕಣ್ಣು ಹುಡುಕುತ್ತದೆ. ಕಾಣುವುದಿಲ್ಲ.

ಬೆಸಿಲಿಕಾದೊಳಗೆ ನೀರು ನುಗ್ಗಲಿಲ್ಲ. ಒಳಗಿದ್ದವರು ಉಳಿದರು; ತೀರದಲ್ಲಿದ್ದವರಲ್ಲಿ ನೂರಾರು ಜನ ಹೋದರು. ಮಧ್ಯಾಹ್ನದೊಳಗೇ ಬಾಯಿಂದ ಬಾಯಿಗೆ ಒಂದು ಮಾತು ಹರಿದಾಡುತ್ತದೆ: ಅಮ್ಮನ ಪವಾಡ. ಉಳಿದವನ ಕೃತಜ್ಞತೆಯನ್ನು ಅಲ್ಲಗಳೆಯಲು ನಾನು ಯಾರು? ಆದರೆ ಈ ಮಾತನ್ನು ಅಂಗಳದಲ್ಲಿ ಹೆಣಗಳ ಮುಖದ ಬಟ್ಟೆ ಎತ್ತಿ ನೋಡುತ್ತಿರುವವರ ಪಕ್ಕದಲ್ಲಿ ನಿಂತು ಕೇಳಿ. ಕಟ್ಟಡವನ್ನು ಕಾದ ದೇವರು, ಅದೇ ಕಟ್ಟಡದಲ್ಲಿ ಗಂಟೆಯ ಹಿಂದೆ ಮೊಣಕಾಲೂರಿದ್ದ ಕೂಸನ್ನು ಕಾಯಲಿಲ್ಲ ಎಂದಾಗುತ್ತದೆ. ಈ ದೇವಾಲಯದ ಐತಿಹ್ಯ ಬೇರೆ ಇದೆಯಲ್ಲ: ಬಿರುಗಾಳಿಗೆ ಸಿಕ್ಕ ಪೋರ್ಚುಗೀಸ್ ನಾವಿಕರು ಮಾತೆಗೆ ಮೊರೆಯಿಟ್ಟು ಈ ದಡ ಸೇರಿದರು, ಸಮುದ್ರದಿಂದ ಉಳಿಸಿದ್ದಕ್ಕೆ ಗುಡಿ ಕಟ್ಟಿಸಿದರು. ಆ ಗುಡಿಗೆ ನಡೆದುಕೊಂಡವರನ್ನೇ ಈಗ ಸಮುದ್ರ ಒಯ್ದಿದೆ.

ಇನ್ನು ಕೆಲವರು ಲೆಕ್ಕವನ್ನು ತಿರುಗಿಸುತ್ತಾರೆ: ಏನು ಪಾಪವಿತ್ತೋ! ಇದು ಹಳೆಯ ಕಾಯಿಲೆ. ಯೇಸುವಿನ ಕಾಲದಲ್ಲಿ ಸಿಲೋವಾಮಿನ ಗೋಪುರ ಕುಸಿದು 18 ಜನ ಸತ್ತಿದ್ದರು. ಆ ಮಾತನ್ನು ಯೇಸು ತಾವಾಗಿಯೇ ಎತ್ತುತ್ತಾರೆ, ಸತ್ತವರು ಜೆರುಸಲೇಮಿನ ಉಳಿದವರಿಗಿಂತ ದೊಡ್ಡ ಪಾಪಿಗಳೋ ಎಂದು ಕೇಳಿ, ಖಂಡಿತ ಅಲ್ಲ ಎನ್ನುತ್ತಾರೆ. ಬೆನ್ನಿಗೇ ಪಶ್ಚಾತ್ತಾಪದ ಎಚ್ಚರಿಕೆಯೂ ಬರುತ್ತದೆ. ಆದರೆ ಅದು ಸತ್ತವರ ಮೇಲಿನ ತೀರ್ಪಲ್ಲ, ನಿಂತು ಕೇಳುತ್ತಿದ್ದವರಿಗೆ ಹೇಳಿದ್ದು. ಗೋಪುರ ಯಾಕೆ ಬಿತ್ತು ಅನ್ನುವುದಕ್ಕೆ ಲೂಕನ ಶುಭಸಂದೇಶದಲ್ಲಿ ಕಾರಣ ಇಲ್ಲ.

ಕಡಲತಳವನ್ನು ಬಿರಿಯುವಂತೆ ಮಾಡಿದ ಭೂಫಲಕಗಳು ಸರಿಯದಿದ್ದರೆ ಹಿಮಾಲಯವೂ ಇಲ್ಲ, ಗಂಗೆಯೂ ಇಲ್ಲ ಎಂದು ಓದಿದವರು ಹೇಳುತ್ತಾರೆ. ನಿಜವೇ. ಆ ವಾದವನ್ನು ಸಂತ್ರಸ್ತರ ಶಿಬಿರಕ್ಕೆ ತೆಗೆದುಕೊಂಡು ಹೋಗುವ ಧೈರ್ಯ ನನಗಂತೂ ಇಲ್ಲ.

ಡಿಸೆಂಬರ್ 28. ನಾಗಪಟ್ಟಿಣಂ ಜಿಲ್ಲೆಯೊಂದರಲ್ಲೇ ಸತ್ತವರ ಲೆಕ್ಕ ಕೊನೆಗೆ 6,000 ದಾಟಲಿದೆ. ಗುರುತು ಹಿಡಿಯುವವರೆಗೆ ಕಾಯಲು ಆಗದೆ ಸಾಮೂಹಿಕವಾಗಿ ಹೂಳುತ್ತಿದ್ದಾರೆ. ಉತ್ತರಕ್ಕೆ ನಾಗೂರು ದರ್ಗಾದ ನೆಲದಲ್ಲೂ ಜಾತಿ-ಮತ ಕೇಳದೆ ಹೂಳುತ್ತಿದ್ದಾರೆ. ಇವತ್ತು ಪಂಚಾಂಗದಲ್ಲಿ ಮುಗ್ಧ ಶಿಶುಗಳ ಹಬ್ಬ. ಗುರುಗಳು ಉಡುವುದು ರಕ್ತಸಾಕ್ಷಿಗಳ ಕೆಂಪು ವಸ್ತ್ರ. ಭಾನುವಾರ ಬಿಟ್ಟ ಆ ಮೂರು ವಚನಗಳ ಸರದಿ ಈಗ ಬಂದಿದೆ: ಬೆತ್ಲೆಹೇಮಿನಲ್ಲಿ ಎರಡು ವರ್ಷದೊಳಗಿನ ಗಂಡುಮಕ್ಕಳನ್ನೆಲ್ಲ ಹೆರೋದ ಕೊಲ್ಲಿಸುತ್ತಾನೆ, ಮಕ್ಕಳನ್ನು ಕಳೆದುಕೊಂಡ ತಾಯಿ ರಾಹೇಲಳ ಅಳುವಿಗೆ ಯಾರ ಸಮಾಧಾನವೂ ನಾಟುವುದಿಲ್ಲ. ಒಂದು ಮಗುವಿಗೆ ದೂತ ಬಂದ, ಉಳಿದವಕ್ಕೆ ಯಾಕೆ ಬರಲಿಲ್ಲ? ಮತ್ತಾಯ ಹೇಳುವುದಿಲ್ಲ. ಅವಳ ಅಳುವನ್ನು ಅಳಿಸುವುದೂ ಇಲ್ಲ.

ಅಂದು ಪಾರಾದ ಮಗು ಕೊನೆಯವರೆಗೆ ಪಾರಾಗಲಿಲ್ಲ ಅನ್ನುವುದೇ ಕ್ರೈಸ್ತರ ಕೈಯಲ್ಲಿ ಉಳಿದಿರುವ ಮಾತು. ಶಿಲುಬೆಯ ಮೇಲೆ ಯೇಸುವಿನ ಎರಡೂ ಪಕ್ಕ ಕಳ್ಳರು. ಮೂವರಿಗೂ ಒಂದೇ ಶಿಕ್ಷೆ. ನಮಗಿದು ತಕ್ಕದ್ದು, ಈತ ತಪ್ಪೇ ಮಾಡಿಲ್ಲ ಎಂದು ಬಾಯಿಬಿಟ್ಟು ಹೇಳುವವನು ಆ ಕಳ್ಳರಲ್ಲೊಬ್ಬ. ದೇವರೇ ಯಾಕೆ ಕೈಬಿಟ್ಟೆ ಎಂಬ ಪ್ರಶ್ನೆ ನಡುವಿನ ಶಿಲುಬೆಯಿಂದಲೇ ಬರುತ್ತದೆ. ಆ ಕಳ್ಳನಿಗೆ ಸಿಕ್ಕಿದ್ದು ವಿವರಣೆಯಲ್ಲ, ಇಂದೇ ನನ್ನ ಜೊತೆಗಿರುತ್ತೀ ಎಂಬ ಭರವಸೆ.

ಗುಂಡಿಯ ಅಂಚಿನಲ್ಲಿ ನಿಂತಿದ್ದೀರಿ. ಹರಕೆಗೆ ಬಂದವರಾರು, ಜೇಬಿಗೆ ಕೈಹಾಕಲು ಬಂದವರಾರು ಎಂದು ವಿಂಗಡಿಸಲು ಇಲ್ಲಿ ಯಾರಿಗೂ ಪುರುಸೊತ್ತಿಲ್ಲ. ಒಬ್ಬ ಹುಡುಗ ನಿಮ್ಮ ಕೈಗೆ ಗ್ಲೌಸ್ ತುರುಕಿ, ಆ ಕಡೆ ಹಿಡಿಯಿರಿ ಅನ್ನುತ್ತಾನೆ. ಲಾರಿ ಇನ್ನೂ ಅರ್ಧ ಖಾಲಿಯಾಗಿಲ್ಲ.