ಹನ್ನೊಂದು ಭಾವಚಿತ್ರಗಳು, ಒಂದು ಬಾಗಿಲವಾಡ

ಒಕ್ಕಲು ಮನೆತನಗಳ ಚರಿತ್ರೆಯನ್ನು ಬರೆಯಹೊರಟವರಿಗೆ ಮೊದಲು ಎದುರಾಗುವುದು ಆಕರಗಳ ಬಡತನ. ಅರಸರಿಗೆ ಶಾಸನಗಳುಂಟು, ಮಠಗಳಿಗೆ ಗುರುಪರಂಪರೆಯ ಪಟ್ಟಿಗಳುಂಟು, ಪಾಳೆಯಗಾರರಿಗೆ ಕೈಫಿಯತ್ತುಗಳುಂಟು. ಹೊಲ ಉತ್ತು ಬದುಕಿದವರಿಗೆ ಇರುವುದು ಪಹಣಿ, ಕಂದಾಯದ ರಸೀದಿ, ಹೆಚ್ಚೆಂದರೆ ಒಂದು ವಂಶವೃಕ್ಷದ ಪತ್ರ. ಇವೆಲ್ಲ ಭೂಮಿಯ ಒಡೆತನವನ್ನು ಹಿಂಬಾಲಿಸುವ ಕಾಗದಗಳಾದ್ದರಿಂದ ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಇಳಿಯುತ್ತ ಹೋಗುತ್ತವೆ. ಹೆಣ್ಣುಮಕ್ಕಳು ಅಲ್ಲಿ ಕಾಣಿಸಿಕೊಳ್ಳುವುದು ಅಪರೂಪ. ನನ್ನ ತಾಯಿಯ ತವರುಮನೆಯ ನಾಲ್ಕು ತಲೆಮಾರುಗಳನ್ನು ಜೋಡಿಸುವಾಗ ಈ ಕೊರತೆಯನ್ನು ತಕ್ಕಮಟ್ಟಿಗೆ ತುಂಬಿಕೊಟ್ಟದ್ದು ಟ್ರಂಕಿನ ತಳದಲ್ಲಿದ್ದ ಹನ್ನೊಂದು ಭಾವಚಿತ್ರಗಳು.

ಈ ಮನೆತನ ಈಗ ಕಂಪ್ಲಿಯ ಸಮೀಪದಲ್ಲಿದೆ. ವಿಜಯನಗರ ಕಾಲದ ಕಾಲುವೆಯ ನೀರಿನಲ್ಲಿ ಭತ್ತ, ಕಬ್ಬು ಬೆಳೆಯುತ್ತದೆ. ಅದರ ಮೂಲ ಊರು ತುಂಗಭದ್ರಾ ಜಲಾಶಯದ ತಳದಲ್ಲಿದೆ. 1945ರಲ್ಲಿ ಅಣೆಕಟ್ಟಿನ ಶಂಕುಸ್ಥಾಪನೆಯಾಗಿ, 1953ರಲ್ಲಿ ನೀರು ನಿಂತಾಗ ಸುಮಾರು 90 ಹಳ್ಳಿಗಳು ಮುಳುಗಿದವು. ಅದೇ ವರ್ಷದ ಅಕ್ಟೋಬರ್ 1ರಂದು ಹೊಸಪೇಟೆ, ಸಂಡೂರು ಮೊದಲಾದ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಎರಡನೆಯ ಘಟನೆಗೆ ದೊರೆತ ಪುಟಗಳು ಮೊದಲನೆಯದಕ್ಕೆ ದೊರೆತಿಲ್ಲ.

ತೇದಿಯಿಲ್ಲದ ಶಾಸನದ ಕಾಲವನ್ನು ಲಿಪಿಯ ಸ್ವರೂಪದಿಂದ ಊಹಿಸುವಂತೆ, ತೇದಿಯಿಲ್ಲದ ಭಾವಚಿತ್ರದ ಕಾಲವನ್ನು ಅದರ ಕಾಗದದಿಂದ ಊಹಿಸಬಹುದು. ದಪ್ಪ ರಟ್ಟಿಗೆ ಅಂಟಿಸಿದ ಕಂದುಬಣ್ಣದ ಪ್ರತಿ ಒಂದು ಕಾಲದ್ದು. ಅಲೆಯಲೆಯಾಗಿ ಕತ್ತರಿಸಿದ ಬಿಳಿ ಅಂಚಿನದು ಅದರ ಮುಂದಿನದು. ಅಗ್ಫಾ ಕ್ಲಿಕ್ ಕ್ಯಾಮೆರಾದ ಚೌಕಾಕಾರದ ಚಿತ್ರಗಳು ಅರವತ್ತು ಎಪ್ಪತ್ತರ ದಶಕಗಳವು. ಕೆಂಪಡರಿದ ಬಣ್ಣದ ಚಿತ್ರಗಳು ಆ ಮೇಲಿನವು. ಈ ಕ್ರಮದಲ್ಲಿ ನೋಡಿದರೆ ನಮ್ಮ ಟ್ರಂಕಿನ ಅತ್ಯಂತ ಹಳೆಯ ಚಿತ್ರ ಇಪ್ಪತ್ತರ ದಶಕದ ಆಸುಪಾಸಿನದು. ಹೊಸಪೇಟೆಯ ಸ್ಟುಡಿಯೋ ಒಂದರಲ್ಲಿ, ಕಂಬಗಳನ್ನು ಚಿತ್ರಿಸಿದ ಪರದೆಯ ಮುಂದೆ, ರುಮಾಲು ಸುತ್ತಿದ ಮುತ್ತಜ್ಜ ಕೊಡೆಯನ್ನು ಊರಿಕೊಂಡು ಕುಳಿತಿದ್ದಾನೆ. ಎಡಬಲಕ್ಕೆ ಇಬ್ಬರು ಗಂಡುಮಕ್ಕಳು. ಹೆಂಗಸರಿಲ್ಲ. ವಂಶವೃಕ್ಷದ ಪತ್ರಕ್ಕೂ ಈ ಚಿತ್ರಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ.

ಎರಡನೆಯ ಚಿತ್ರ ಬೇರೆಯೇ ಬಗೆಯದು. ಅದು ಮುತ್ತಜ್ಜಿಯ ಭಾವಚಿತ್ರ, ಆಕೆ ತೀರಿಕೊಂಡ ದಿನ ತೆಗೆದದ್ದು. ನಮ್ಮ ಕಡೆ ಹಿರಿಯರು ತೀರಿಕೊಂಡಾಗ ಅವರನ್ನು ಕುಳ್ಳಿರಿಸಿ, ವಿಭೂತಿ ಧರಿಸಿ, ಹೂಮಾಲೆ ಹಾಕಿ, ಸುತ್ತ ಮನೆಮಂದಿಯನ್ನು ನಿಲ್ಲಿಸಿ ಫೋಟೊ ತೆಗೆಸುವ ರೂಢಿ ಇತ್ತು. ಬದುಕಿದ್ದಾಗ ಒಮ್ಮೆಯೂ ಕ್ಯಾಮೆರಾದ ಮುಂದೆ ಬಾರದ ಎಷ್ಟೋ ಹೆಣ್ಣುಮಕ್ಕಳ ಮುಖ ಉಳಿದಿರುವುದು ಈ ರೂಢಿಯಿಂದ. ಚಿತ್ರದ ಹಿಂಬದಿಯಲ್ಲಿ ಮಸಿಯಲ್ಲಿ 1951 ಎಂದು ಬರೆದಿದೆ. ಮುತ್ತಜ್ಜಿಯ ಕಣ್ಣು ಮುಚ್ಚಿದೆ. ಆಕೆಯ ಕಣ್ಣು ಹೇಗಿತ್ತೆಂಬುದನ್ನು ಹೇಳಬಲ್ಲವರು ಈಗ ಒಬ್ಬರೇ ಉಳಿದಿದ್ದಾರೆ, ಆಗ ಹನ್ನೊಂದು ವರ್ಷದ ಹುಡುಗಿಯಾಗಿದ್ದ ನನ್ನ ದೊಡ್ಡವ್ವ.

ಸಾವಿಗಾಗಿ ತೆಗೆಸಿದ ಈ ಚಿತ್ರದಲ್ಲಿ ಮುಳುಗಿದ ಮನೆಯೂ ಉಳಿದುಕೊಂಡಿದೆ. ಮುತ್ತಜ್ಜಿಯ ಬೆನ್ನಿನ ಹಿಂದೆ ಮನೆಯ ಮುಂಬಾಗಿಲು ಕಾಣುತ್ತದೆ. ಅದರ ಬಾಗಿಲವಾಡದ ಮೇಲ್ಪಟ್ಟಿಯಲ್ಲಿ ಮೂರು ಕಮಲ. ನಡುವಣ ಕಮಲದ ಒಂದು ದಳ ಮುರಿದಿದೆ. ಕಂಪ್ಲಿಯ ಬಳಿಯ ಈಗಿನ ಮನೆಯ ಬಾಗಿಲಲ್ಲಿಯೂ ಮೂರು ಕಮಲಗಳಿವೆ. ನಡುವಿನದರ ಅದೇ ದಳ ಮುರಿದಿದೆ. ಊರು ಬಿಡುವಾಗ ಬಾಗಿಲವಾಡವನ್ನು ಕಿತ್ತು ಬಂಡಿಯಲ್ಲಿ ಹೇರಿಕೊಂಡು ಬಂದರೆಂಬ ಮನೆಯ ಮಾತಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಹಂಪಿಯ ಅಧ್ಯಯನ ಮಾಡಿದವರಿಗೆ ಇಂಥ ಸಾಕ್ಷ್ಯ ಹೊಸದಲ್ಲ. ಮದ್ರಾಸ್ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಸೆರೆಹಿಡಿದ. ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಹಿಂದೆ ಇಟ್ಟಿಗೆಯ ಶಿಖರವಿತ್ತೆಂಬುದನ್ನು ನಾವು ಕಣ್ಣಾರೆ ಕಾಣುವುದು ಅವನ ಚಿತ್ರದಲ್ಲಿ. 1983ರಲ್ಲಿ ಜಾನ್ ಗೋಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ 127 ವರ್ಷಗಳ ನಷ್ಟ ಮತ್ತು ಉಳಿಕೆ ಎರಡೂ ತಿಳಿಯುತ್ತವೆ. ಆದರೆ ಗ್ರೀನ್‌ಲಾ ಬಳಸಿದ ನೆಗೆಟಿವ್‌ಗೆ ಬೆಳಕು ಬಹಳ ಹೊತ್ತು ಬೇಕಿತ್ತು. ಅಷ್ಟು ಹೊತ್ತಿನಲ್ಲಿ ಎದುರಿಗೆ ನಡೆದುಹೋದ ಮನುಷ್ಯರು ಅದರಲ್ಲಿ ಗುರುತಾಗಿ ಉಳಿಯಲಾರರು. ಕಲ್ಲು ಉಳಿಯಿತು, ಕಲ್ಲಿನ ನಡುವೆ ಬದುಕಿದವರು ಅಳಿಸಿಹೋದರು.

ಮುತ್ತಜ್ಜಿಯ ಚಿತ್ರದಲ್ಲಿ ಆಕೆಯನ್ನು ಬಿಟ್ಟು ಹದಿನಾಲ್ಕು ಮಂದಿ ಇದ್ದಾರೆ. ದೊಡ್ಡವ್ವ ಒಬ್ಬೊಬ್ಬರ ಮೇಲೆ ಬೆರಳಿಟ್ಟು ಹೇಳುತ್ತ ಹೋದರು. ಬಲ ಅಂಚಿನಲ್ಲಿ, ಸೆರಗಿನಿಂದ ಅರ್ಧ ಮುಖ ಮರೆಯಾದ ಹೆಂಗಸಿನ ಬಳಿ ಬೆರಳು ನಿಂತಿತು.

“ಈಕಿ ಸಂಡೂರಾಕಿ.”

“ಹೆಸರೇನು ದೊಡ್ಡವ್ವ?”

“ಎಲ್ರೂ ಸಂಡೂರಾಕಿ ಅಂತಿದ್ರಪ್ಪ. ಉಡಿಕಿ ಮಾಡಿಕೊಂಡು ತಂದಿದ್ರು. ನಮಗ ಕದ್ದು ಬೆಲ್ಲ ಕೊಡತಿದ್ಲು.”

ಮೊದಲ ಚಿತ್ರದಲ್ಲಿ ಮುತ್ತಜ್ಜನ ಬಲಕ್ಕೆ ನಿಂತ ಹುಡುಗ ಬೆಳೆದು, ಮೊದಲ ಹೆಂಡತಿ ತೀರಿಕೊಂಡ ಮೇಲೆ, ಸಂಡೂರಿನ ಒಬ್ಬ ವಿಧವೆಯನ್ನು ಉಡಿಕೆ ಮಾಡಿಕೊಂಡಿದ್ದ. ಉಡಿಕೆಯಾಗಿ ಬಂದವಳಿಗೆ ಮನೆಯಲ್ಲಿ ದುಡಿಮೆಯ ಪಾಲು ಪೂರ್ತಿ ಇತ್ತು, ಮಂಗಳಕಾರ್ಯಗಳಲ್ಲಿ ಮುಂದೆ ನಿಲ್ಲುವ ಪಾಲು ಇರಲಿಲ್ಲ. ಆಕೆ ಬಂದ ಕಾಲಕ್ಕೆ ಸಂಡೂರು ಘೋರ್ಪಡೆ ಮನೆತನದ ಬೇರೆಯೇ ಸಂಸ್ಥಾನ. ಅದು ಮದ್ರಾಸ್ ಪ್ರಾಂತ್ಯದಲ್ಲಿ ವಿಲೀನವಾದದ್ದು 1949ರಲ್ಲಿ. ಗಂಡ ಅಷ್ಟರಲ್ಲಿ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಮುಳುಗಡೆಯ ಪರಿಹಾರದ ಹಣ ಬಂದದ್ದು ಉಳಿದ ತಮ್ಮನ ಹೆಸರಿಗೆ, ಅಂದರೆ ನನ್ನ ಅಜ್ಜನ ಹೆಸರಿಗೆ. ಬಂಡಿಗಳು ಬಾಗಿಲವಾಡವನ್ನು ಹೊತ್ತು ಕಂಪ್ಲಿಯ ದಾರಿ ಹಿಡಿದ ಬೆಳಿಗ್ಗೆ ಆಕೆ ಒಂದು ಗಂಟು ಹಿಡಿದು ಸಂಡೂರಿನ ಕಡೆಗೆ ನಡೆದುಹೋದಳೆಂದು ದೊಡ್ಡವ್ವ ಹೇಳುತ್ತಾರೆ. ಅಜ್ಜನ ವಿಷಯದಲ್ಲಿ ಇದನ್ನು ಬರೆಯುವುದು ನನಗೆ ಸುಲಭವಲ್ಲ. ಆತ ನನ್ನನ್ನು ಹೆಗಲ ಮೇಲೆ ಹೊತ್ತು ಹಂಪಿಯ ಜಾತ್ರೆ ತೋರಿಸಿದವನು.

ಪಹಣಿಯಲ್ಲಿ, ವಂಶವೃಕ್ಷದಲ್ಲಿ, ಪರಿಹಾರದ ಕಾಗದದಲ್ಲಿ ಎಲ್ಲಿಯೂ ಇಲ್ಲದ ಈಕೆ ಈ ಚಿತ್ರದ ಅಂಚಿನಲ್ಲಿದ್ದಾಳೆ. ಅವಳನ್ನು ನೆನೆದಾಗಲೆಲ್ಲ ಹಂಪಿಯ ಗಾಣಗಿತ್ತಿ ಗುಡಿ ಕಣ್ಣ ಮುಂದೆ ಬರುತ್ತದೆ. ಹರಿಹರನ ದಂಡನಾಯಕ ಇರುಗಪ್ಪ 1385ರಲ್ಲಿ ಕಟ್ಟಿಸಿದ ಕುಂಥುನಾಥ ಜಿನಾಲಯವದು. ಎದುರಿನ ದೀಪಸ್ತಂಭದ ಶಾಸನ ಸಿಂಹನಂದಿ ಆಚಾರ್ಯರ ಗುರುಪರಂಪರೆಯನ್ನು ಹೆಸರಿಸಿ ಹೇಳುತ್ತದೆ. ಜನರ ಬಾಯಲ್ಲಿ ಮಾತ್ರ ಆ ಗುಡಿ ಎಣ್ಣೆ ತೆಗೆಯುವ ಒಬ್ಬ ಹೆಂಗಸಿನದು. ಶಾಸನದಲ್ಲಿ ಆಕೆಯಿಲ್ಲ, ಜನರ ನೆನಪಿನಲ್ಲಿಯೂ ಆಕೆಯ ಕಸುಬಷ್ಟೇ ಇದೆ, ಹೆಸರಿಲ್ಲ.

ಉಳಿದ ಒಂಬತ್ತು ಚಿತ್ರಗಳ ಬಗೆಗೆ ಹೆಚ್ಚು ಹೇಳಬೇಕಾದದ್ದಿಲ್ಲ. ವಿರೂಪಾಕ್ಷನ ಗೋಪುರದ ಮುಂದೆ ನಿಂತ ಹೊಸ ದಂಪತಿಗಳು, ಕಬ್ಬಿನ ಬಂಡಿಯ ಮೇಲೆ ಕುಳಿತ ಸೋದರಮಾವ, ಶಾಲೆಯ ಗುಂಪುಚಿತ್ರದಲ್ಲಿ ಎರಡು ಜಡೆಯ ನನ್ನ ತಾಯಿ. ಎಪ್ಪತ್ತರ ದಶಕದ ಹೊತ್ತಿಗೆ ಹೆಣ್ಣುಮಕ್ಕಳು ನೇರವಾಗಿ ಕ್ಯಾಮೆರಾ ನೋಡುತ್ತಾರೆ, ಒಬ್ಬಿಬ್ಬರು ನಗುತ್ತಾರೆ ಕೂಡ. ಮಗುವಾಗಿದ್ದ ನಾನೂ ಒಂದರಲ್ಲಿ ಇದ್ದೇನೆ, ಅಳುತ್ತ.

ಮಸಿ ಕಾಗದದ ಆಚೆಗೆ ಇಳಿದು ಮುಖಗಳನ್ನು ಕೆಡಿಸುವುದರಿಂದ, 1951ರ ಚಿತ್ರದ ಹಿಂಬದಿಯಲ್ಲಿ ಮೆದುವಾದ ಸೀಸದ ಕಡ್ಡಿಯಿಂದ ಹದಿಮೂರು ಹೆಸರುಗಳನ್ನು ಅವರು ನಿಂತ ಕ್ರಮದಲ್ಲಿ ಬರೆದೆ. ಹದಿನಾಲ್ಕನೆಯ ಸ್ಥಾನದಲ್ಲಿ ‘ಸಂಡೂರಾಕಿ, ದೊಡ್ಡಜ್ಜನ ಹೆಂಡತಿ’ ಎಂದು ಬರೆದು ದೊಡ್ಡವ್ವನಿಗೆ ಓದಿ ಹೇಳಿದೆ. ಅವರು ‘ಹೆಂಡತಿ’ ಎಂಬ ಮಾತನ್ನು ಇನ್ನೊಮ್ಮೆ ಓದಿಸಿದರು. ಆಮೇಲೆ ಸಂಡೂರಿನಲ್ಲಿ ಆಕೆಯ ತವರಿನವರು ಯಾವ ಓಣಿಯಲ್ಲಿದ್ದರೆಂದು ನೆನಪಿಸಿಕೊಳ್ಳತೊಡಗಿದರು. ಓಣಿಯ ತುದಿಗೆ ಒಂದು ಬಾವಿ ಇತ್ತಂತೆ.